ಹಕ್ಕುದಾರನಿಲ್ಲದ ನೆಲ

ಪಾಪಗಳ ಕ್ಷಮೆಯ ವಿಷಯದಲ್ಲಿ ವಿದ್ವಾಂಸರು ಒಂದು ಭೇದವನ್ನು ಗುರುತಿಸಿದ್ದಾರೆ. ಅಲ್ಲಾಹನ ಹಕ್ಕಿನಲ್ಲಿ ಲೋಪವೆಸಗಿದವನು ಮನಃಪೂರ್ವಕ ತೌಬಾ ಮಾಡಿದರೆ ಕ್ಷಮೆಯನ್ನು ನಿರೀಕ್ಷಿಸಬಹುದು. ದಾಸರ ಹಕ್ಕನ್ನು ಕಸಿದವನಿಗೆ ಅಷ್ಟು ಸಾಲದು. ಕಸಿದದ್ದನ್ನು ಹಿಂದಿರುಗಿಸಬೇಕು ಅಥವಾ ಹಕ್ಕುದಾರನಿಂದಲೇ ಕ್ಷಮೆ ಪಡೆಯಬೇಕು. ಹಕ್ಕುದಾರ ಯಾರೆಂದು ತಿಳಿಯದಿದ್ದರೆ ಆ ಹಣವನ್ನು ಅವನ ಪರವಾಗಿ ದಾನ ಮಾಡಬೇಕೆಂದು ಹಲವರು ಹೇಳಿದ್ದಾರೆ. ಇಷ್ಟನ್ನು ಮದ್ರಸದ ಹುಡುಗರೂ ಬಲ್ಲರು. ಆದರೆ ಹಾಳಾದದ್ದು ಹಣವಲ್ಲ, ಕಡಲಂಚಿನ ಒಂದು ಜೌಗು ನೆಲ ಎಂದಾದರೆ ಯಾರ ಬಳಿ ಹೋಗಿ ಕ್ಷಮೆ ಕೇಳುವುದು?

ಕುಮಟಾ ತಾಲೂಕಿನಲ್ಲಿ ಅಘನಾಶಿನಿ ನದಿ ಸಮುದ್ರ ಸೇರುವ ಜಾಗವನ್ನು ನೋಡಿ. ಘಟ್ಟದ ಸಿಹಿನೀರೂ ಉಬ್ಬರದ ಉಪ್ಪುನೀರೂ ಬೆರೆಯುವ ಕೆಸರಿನಲ್ಲಿ ಕಾಂಡ್ಲಾ ಗಿಡ, ಬಳಚು, ಸಿಗಡಿ, ಏಡಿ, ಹಕ್ಕಿಗಳಿಗೆಲ್ಲ ಅನ್ನವಿದೆ. ಅಲ್ಲಿಯ ಗಜನಿ ಗದ್ದೆಗಳಲ್ಲಿ ಮಳೆಗಾಲದಲ್ಲಿ ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುತ್ತಿದ್ದರು. ಕೊಯ್ಲಾದ ಮೇಲೆ ಕಟ್ಟೆಯ ಬಾಗಿಲು ತೆರೆದರೆ ಉಬ್ಬರದೊಡನೆ ಮೀನು, ಸಿಗಡಿ ತಾವಾಗಿ ಒಳಬಂದು ಕೂಳೆಯ ನಡುವೆ ಬೆಳೆಯುತ್ತಿದ್ದವು. ಒಂದೇ ನೆಲ ರೈತನಿಗೆ ಅಕ್ಕಿಯನ್ನೂ ಬಡವನಿಗೆ ಮೀನನ್ನೂ ಕೊಡುತ್ತಿತ್ತು. ಮುಂದೆ ಗಜನಿಗಳು ಸಿಗಡಿ ಸಾಕಣೆಯ ಕೊಳಗಳಾದವು, ಕಗ್ಗ ಕುಗ್ಗಿತು. ಕರಾವಳಿ ನಿಯಂತ್ರಣ ವಲಯದೊಳಗಿನ ಇಂಥ ಕೊಳಗಳನ್ನು ತೆರವುಗೊಳಿಸಲು 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. 2005ರ ಕಾಯಿದೆ ಅವುಗಳಿಗೆ ಮತ್ತೆ ದಾರಿ ಮಾಡಿಕೊಟ್ಟಿತು. 2024ರ ಜನವರಿಯಲ್ಲಿ ಅಘನಾಶಿನಿಯ ಅಳಿವೆಯ 4,801 ಹೆಕ್ಟೇರ್ ರಾಮ್ಸಾರ್ ಪಟ್ಟಿಗೆ ಸೇರಿದ್ದು ಪ್ರಕಟವಾಯಿತು. ಸಿಗಡಿ ತಿನ್ನಬಹುದೇ ಎಂಬ ಬಗ್ಗೆ ನಮ್ಮ ಹನಫಿ ವಿದ್ವಾಂಸರಲ್ಲಿ ದೀರ್ಘ ಚರ್ಚೆ ನಡೆದಿದೆ. ಅದು ಬೆಳೆದ ಕೊಳ ಯಾರ ಅನ್ನವನ್ನು ಮುಚ್ಚಿತು ಎಂಬ ಚರ್ಚೆಯನ್ನು ನಾನು ಕೇಳಿಲ್ಲ.

ಎಣ್ಣೆಯ ಹಾನಿ ಇನ್ನೂ ಮೌನವಾದದ್ದು. ಕಾಂಡ್ಲಾ ಗಿಡ ಉಸಿರಾಡುವುದು ಕೆಸರಿನಿಂದ ಮೇಲೆದ್ದ ಬೇರುಗಳ ಮೂಲಕ. ಎಣ್ಣೆ ಮೆತ್ತಿದರೆ ಆ ಬೇರಿನ ರಂಧ್ರಗಳು ಮುಚ್ಚಿ ಗಿಡ ಉಸಿರುಗಟ್ಟುತ್ತದೆ. ಬಂಡೆಗೆ ಅಂಟಿದ ಎಣ್ಣೆಯನ್ನು ಅಲೆ ತೊಳೆದೀತು. ಗಾಳಿಯಾಡದ ಕೆಸರಿಗೆ ಇಳಿದದ್ದು ವರ್ಷಗಟ್ಟಲೆ ಅಲ್ಲೇ ಉಳಿಯುತ್ತದೆ. 2025ರ ಮೇ 25ರಂದು ಕೊಚ್ಚಿಯ ಸಮುದ್ರದಲ್ಲಿ ಎಂಎಸ್‌ಸಿ ಎಲ್ಸಾ 3 ಹಡಗು ಮುಳುಗಿದಾಗ ಅದರಲ್ಲಿ ಸುಮಾರು 367 ಟನ್ ಫರ್ನೇಸ್ ಆಯಿಲ್ ಇತ್ತು. ಅಲ್ಲಿ ಹಡಗಿಗೆ ಹೆಸರಿದೆ, ಪರಿಹಾರ ಕೇಳಿ ಕೇರಳ ಸರಕಾರ ಹೈಕೋರ್ಟಿಗೆ ಹೋಗಿದೆ. ದೋಣಿಯ ತಳದ ಎಣ್ಣೆನೀರನ್ನು ಹೊರಚೆಲ್ಲುವವನ ಮೇಲೆ ಯಾರು ದಾವೆ ಹೂಡಿಯಾರು? ಕಡಲು ನಮಗೆ ದೂರವೆನ್ನುವ ನಿಜಲಿಂಗಪ್ಪ ಬಡಾವಣೆಯ ಮನುಷ್ಯ ಬೈಕಿನ ಹಳೆ ಆಯಿಲನ್ನು ಚರಂಡಿಗೆ ಸುರಿದರೂ ಲೆಕ್ಕ ಅದೇ. ಹಳ್ಳದ ನೀರು ಅವನ ಮನೆಯ ಮುಂದೆ ನಿಲ್ಲುವುದಿಲ್ಲ.

ಹಕ್ಕುದಾರ ಇಲ್ಲವೆಂಬ ಮಾತನ್ನು ಮಾತ್ರ ಒಪ್ಪಲಾಗದು. ಬೆಕ್ಕನ್ನು ಕೂಡಿಹಾಕಿ, ತಾನೂ ಉಣಿಸದೆ, ನೆಲದ ಮೇಲಿನ ಹುಳುಹುಪ್ಪಟೆ ತಿನ್ನಲೂ ಬಿಡದೆ ಕೊಂದ ಸ್ತ್ರೀ ನರಕಕ್ಕೆ ಅರ್ಹಳಾದಳೆಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ನೆಟ್ಟ ಗಿಡದಿಂದ ಮನುಷ್ಯನಾಗಲಿ ಹಕ್ಕಿಯಾಗಲಿ ತಿಂದರೆ ಅದು ನೆಟ್ಟವನ ಪಾಲಿಗೆ ಸದಖಾ ಎಂದೂ ಅವರು ಕಲಿಸಿದ್ದಾರೆ. ಹಕ್ಕಿ ತಿಂದದ್ದು ಲೆಕ್ಕಕ್ಕೆ ಬರುವುದಾದರೆ ಹಕ್ಕಿ ಕಳಕೊಂಡದ್ದೂ ಬರಬೇಡವೇ? ಇದು ನನ್ನ ತರ್ಕ, ಫತ್ವಾ ಅಲ್ಲ. ಇನ್ನು ಇಳಿತದ ಹೊತ್ತಿನಲ್ಲಿ ಬಳಚು ಆಯ್ದು ಹೊಟ್ಟೆ ಹೊರೆಯುವವಳ ಬಳಿ ಆ ಕೆಸರಿನ ಪಹಣಿ ಇಲ್ಲದಿರಬಹುದು. ಪಹಣಿ ಇಲ್ಲದ ಮಾತ್ರಕ್ಕೆ ಅವಳು ದಾಸರ ಸಾಲಿನಿಂದ ಹೊರಗೆ ಹೋಗುವುದಿಲ್ಲ.

ಲಾಭಕ್ಕೆ ಜಕಾತ್ ಕೊಟ್ಟಿದ್ದೇನೆ ಎಂಬುದು ಇಲ್ಲಿ ಉತ್ತರವಾಗದು. ಜಕಾತ್ ನಮ್ಮ ಸಂಪತ್ತಿನಲ್ಲಿರುವ ಬಡವರ ಪಾಲು, ಕಸಿದದ್ದರ ಬೆಲೆಯಲ್ಲ. ಇಲ್ಲಿ ಹಿಂದಿರುಗಿಸುವುದೆಂದರೆ ನೆಲಕ್ಕೇ ಹಿಂದಿರುಗಿಸುವುದು: ಕಟ್ಟೆ ಹಾಕಿದವನು ಉಬ್ಬರಕ್ಕೆ ದಾರಿ ಬಿಡಬೇಕು, ಕಾಂಡ್ಲಾ ಕಡಿದವನು ಮತ್ತೆ ನೆಡಬೇಕು, ಬಳಚು ಆಯುವವಳು ಕಳಕೊಂಡ ದಿನಗಳ ಸಂಪಾದನೆಯನ್ನು ಅವಳ ಕೈಗೇ ಕೊಡಬೇಕು. ನಮ್ಮ ಊರಿನವನ ಪಾಲಿನದು ಇಷ್ಟೂ ಕಷ್ಟದ್ದಲ್ಲ. ಹಳೆ ಆಯಿಲನ್ನು ಡಬ್ಬಿಯಲ್ಲಿ ಹಿಡಿದಿಟ್ಟು, ಶುದ್ಧೀಕರಿಸಲು ಒಯ್ಯುವವರಿಗೆ ಕೊಟ್ಟರೆ ಆಯಿತು.