ಕಚ್ಚುವ ಮರಿಗೂ ಕೃಪೆಯುಂಟೇ?

ತಾಯಿಬೆಕ್ಕು ಕತ್ತು ಹಿಡಿದು ಎತ್ತಿದರೆ ಮರಿ ಮೈ ಸಡಿಲಿಸಿ ಒಪ್ಪಿಸಿಕೊಳ್ಳುತ್ತದೆ. ಶ್ರೀವೈಷ್ಣವರಲ್ಲಿ ತೆಂಗಲೆಯವರಿಗೆ ಶರಣಾಗತಿಯ ಮಾದರಿ ಇದೇ. ವಡಗಲೆಯವರಿಗೆ ತಾಯಿಯನ್ನು ತಾನೇ ಅವಚಿಕೊಳ್ಳುವ ಕೋತಿಮರಿ.

ಆದರೆ ಮೋರಿಯಿಂದ ಎತ್ತಿ ತಂದ ಮರಿ? ಬುಸುಗುಟ್ಟುತ್ತದೆ, ಪರಚುತ್ತದೆ.

ಮನುಷ್ಯರಿಗೆ ಅದು ಸುಲಭವಾಗಿ ಒಗ್ಗುವುದು ಸುಮಾರು 2ರಿಂದ 7 ವಾರಗಳ ವಯಸ್ಸಿನಲ್ಲಿ. ಎಷ್ಟು ಜೋರಾಗಿ ಕಚ್ಚಬಹುದೆಂಬುದನ್ನು ಒಡಹುಟ್ಟಿದ ಮರಿಗಳ ಜೊತೆ ಆಡುತ್ತ ಕಲಿಯುತ್ತದೆ. ಒಂಟಿ ಮರಿಗೆ ಆ ಪಾಠ ಸಿಕ್ಕಿರುವುದಿಲ್ಲ. ಹೊಡೆದರೆ ಭಯವಷ್ಟೇ ಬೆಳೆಯುತ್ತದೆ. ಬೆರಳಿನ ಬದಲು ಆಟಿಕೆ ಕೊಡಬೇಕು, ಕಚ್ಚಿದೊಡನೆ ಆಟ ನಿಲ್ಲಿಸಬೇಕು.

ಇನ್ನು ಕೃಪೆಯ ಮಾತು. ಭಗವಂತನ ವಾತ್ಸಲ್ಯ ಜೀವಿಯ ದೋಷವನ್ನೂ ಸವಿಯುತ್ತದೆ ಎಂಬುದು ತೆಂಗಲೆ ಪರಂಪರೆಯ ನಿಲುವು. ವಡಗಲೆಯವರ ಆಚಾರ್ಯ ವೇದಾಂತ ದೇಶಿಕರ ಪರಂಪರೆಗೆ ವಾತ್ಸಲ್ಯವೆಂದರೆ ದೋಷವನ್ನು ಎಣಿಸದಿರುವುದಷ್ಟೇ. ಮರಿ ಸಾಕುವವರ ಅನುಭವ ದೇಶಿಕರ ಕಡೆಗೇ ವಾಲುತ್ತದೆ: ಕಡಿತ ಯಾರಿಗೂ ಸವಿಯಲ್ಲ, ಆದರೂ ಹೊತ್ತಿಗೆ ಸರಿಯಾಗಿ ಅದರ ತಟ್ಟೆ ತುಂಬುತ್ತಾರೆ.