ಮಿತಾಹಾರವೂ ಪ್ರಸಾದಭಾವವೂ

ಶರಣಧರ್ಮದಲ್ಲಿ ದೇಹವು ತಿರಸ್ಕಾರಕ್ಕೆ ಪಾತ್ರವಾದ ವಸ್ತುವಲ್ಲ. ಅಂಗವು ಲಿಂಗಕ್ಕೆ ನೆಲೆಯಾದುದು. ಕಾಯಕವು ನಡೆಯುವುದು ಕಾಯದಿಂದಲೇ. ಆದುದರಿಂದ ಕಾಯವನ್ನು ಕೊರಗಿಸುವುದು ಹೇಗೆ ಸಾಧನೆಯಲ್ಲವೋ ಹಾಗೆಯೇ ಅದನ್ನು ಮಿತಿಮೀರಿ ತುಂಬಿ ಕೆಡಿಸುವುದೂ ಭಕ್ತಿಯಲ್ಲ. ಈ ಮಾತನ್ನು ಒಪ್ಪದವರು ವಿರಳ. ಆದರೆ ಒಪ್ಪಿದ ಮಾತು ಎಲೆಯ ಮುಂದೆ ಕುಳಿತಾಗಲೂ ನಿಲ್ಲುವುದೆ? ಸಕ್ಕರೆಯನ್ನೂ ಅನ್ನವನ್ನೂ ಕಡಿಮೆ ಮಾಡಬೇಕೆಂದು ವೈದ್ಯರಿಂದ ಹೇಳಿಸಿಕೊಂಡ ಭಕ್ತನು ದಾಸೋಹದ ಪಂಕ್ತಿಯಲ್ಲಿ ಸಿಹಿಯನ್ನು ಬೇಡವೆನ್ನಬಹುದೆ? ಹಾಗೆಂದರೆ ಪ್ರಸಾದಕ್ಕೆ ಅಪಚಾರವಾಗುವುದೆ? ಇಂದು ಅನೇಕ ಸದ್ಗೃಹಸ್ಥರ ಮನಸ್ಸನ್ನು ಕಾಡುವ ಈ ಪ್ರಶ್ನೆಯನ್ನು ಕುರಿತು ಸ್ವಲ್ಪ ವಿಚಾರಿಸೋಣ.

ಕೆಲವು ವರ್ಷಗಳ ಹಿಂದೆ ಒಂದು ಜಾತ್ರೆಯ ದಾಸೋಹದಲ್ಲಿ ಬಡಿಸುವ ಸೇವೆ ನನ್ನ ಪಾಲಿಗೆ ಬಂದಿತ್ತು. ಗೋಧಿಹುಗ್ಗಿಯನ್ನು ಬಡಿಸುತ್ತ ಬರುವಾಗ ವಯೋವೃದ್ಧರೊಬ್ಬರು ಎರಡೂ ಕೈಗಳನ್ನು ಎಲೆಯ ಮೇಲೆ ಅಡ್ಡ ಹಿಡಿದು, “ಸಾಕು ತಂದೆ, ನನಗೆ ಸಕ್ಕರೆಯ ರೋಗವಿದೆ” ಎಂದರು. ನಾನು ನಕ್ಕು, “ಪ್ರಸಾದದಿಂದ ಯಾರಿಗೂ ಕೇಡಾಗದು, ಬೇಡವೆನ್ನಬಾರದು” ಎಂದೆ. ಅಕ್ಕಪಕ್ಕದವರೂ ದನಿಗೂಡಿಸಿದರು. ಹಿರಿಯರು ಸಂಕೋಚದಿಂದ ಕೈ ತೆಗೆದರು. ನಾನು ಎರಡು ಸಲ ಬಡಿಸಿದೆ. ಮುಂದೆ ಅವರ ಕಾಲಿನ ಹುಣ್ಣು ಮಾಯದೆ ಎರಡು ಬೆರಳುಗಳನ್ನು ತೆಗೆಸಬೇಕಾಯಿತೆಂಬ ಸುದ್ದಿ ತಿಳಿಯಿತು. ಒಂದು ದಿನದ ಹುಗ್ಗಿಯಿಂದ ಹಾಗಾಗಲಿಲ್ಲವೆಂಬುದನ್ನು ಬಲ್ಲೆ. ಆದರೆ ಪ್ರತಿಯೊಂದು ಮನೆಯಲ್ಲಿಯೂ ನನ್ನಂಥವನೊಬ್ಬನು ಸೌಟು ಹಿಡಿದು ನಿಂತಿದ್ದರೆ, ಆ ಹಿರಿಯರು ಯಾವ ದಿನ ತಾನೆ ಪಥ್ಯವನ್ನು ಕಾಯಬಲ್ಲವರಾಗಿದ್ದರು?

ಇದು ಒಬ್ಬರ ಕಥೆಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಹಾಯದಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯು ನಮ್ಮ ದೇಶದಲ್ಲಿ ಮಧುಮೇಹಿಗಳು ಸುಮಾರು 10 ಕೋಟಿಯೆಂದೂ, ಆ ರೋಗದ ಹೊಸ್ತಿಲಲ್ಲಿ ನಿಂತವರು 13 ಕೋಟಿಗೂ ಮಿಕ್ಕಿದವರೆಂದೂ ಅಂದಾಜು ಮಾಡಿತು. ಅದೇ ಸಮೀಕ್ಷೆಯ ಆಹಾರಭಾಗವು 2025ರಲ್ಲಿ ಹೊರಬಂದಿತು. ನಮ್ಮ ಜನರು ಆಹಾರದಿಂದ ಪಡೆಯುವ ಶಕ್ತಿಯಲ್ಲಿ ನೂರಕ್ಕೆ 62ರಷ್ಟು ಪಿಷ್ಟ ಶರ್ಕರಗಳಿಂದಲೇ ಬರುತ್ತದೆಂದು ಅದು ತಿಳಿಸುತ್ತದೆ. ತಟ್ಟೆಯ ತುಂಬ ಅನ್ನ, ಅದರ ಮೇಲೆ ತೆಳುವಾದ ಸಾರು, ಒಂದು ಚಮಚ ಪಲ್ಯ: ನಮ್ಮ ನಿತ್ಯದ ಊಟದ ಸ್ವರೂಪವೇ ಈ ಅಂಕೆಯಲ್ಲಿ ಕಾಣುತ್ತದೆ.

ಪಿಷ್ಟವೆಂಬುದು ಶರ್ಕರದ ಕಣಗಳೇ ಸರಪಣಿಯಾಗಿ ಹೆಣೆದುಕೊಂಡ ಪದಾರ್ಥ. ಜೀರ್ಣವಾಗುವಾಗ ಆ ಸರಪಣಿ ಕಳಚಿ, ಅನ್ನವೂ ರೊಟ್ಟಿಯೂ ಗ್ಲೂಕೋಸಾಗಿ ರಕ್ತವನ್ನು ಸೇರುತ್ತವೆ. ಆಗ ಮೇದೋಜೀರಕಗ್ರಂಥಿಯು ಇನ್ಸುಲಿನ್ನನ್ನು ಸ್ರವಿಸಿ, ಅದು ಜೀವಕೋಶಗಳನ್ನು ಸೇರುವಂತೆ ಮಾಡುತ್ತದೆ. ನೇಗಿಲು ಹಿಡಿದವನಿಗೆ ಅದೆಲ್ಲವೂ ದುಡಿಮೆಯಲ್ಲಿ ವ್ಯಯವಾದೀತು. ಗದ್ದುಗೆಯ ಮೇಲೆ, ಅಂಗಡಿಯಲ್ಲಿ, ಕಚೇರಿಯಲ್ಲಿ ಕುಳಿತವನಿಗೆ ಅದು ಮಿಕ್ಕುತ್ತದೆ. ಮಿಕ್ಕುದು ಮೇದಸ್ಸಾಗಿ ಹೊಟ್ಟೆಯ ಸುತ್ತಲೂ ಯಕೃತ್ತಿನಲ್ಲಿಯೂ ನಿಲ್ಲುತ್ತದೆ. ಕಾಲಕ್ರಮದಲ್ಲಿ ದೇಹವು ಇನ್ಸುಲಿನ್ನಿನ ಮಾತನ್ನೇ ಕೇಳದಂತಾಗುತ್ತದೆ. ಅಜ್ಜನು ತಿಂದಷ್ಟನ್ನೇ ಮೊಮ್ಮಗನು ತಿಂದರೂ ಅಜ್ಜನಿಗಾಗದ ರೋಗ ಮೊಮ್ಮಗನಿಗಾಗುವುದಕ್ಕೆ ಇದೊಂದು ಮುಖ್ಯ ಕಾರಣ. ಊಟವು ಉಳಿಯಿತು, ಕಾಯಕವು ಹೋಯಿತು.

ಇಲ್ಲಿ ಎರಡು ಭ್ರಮೆಗಳನ್ನು ನಿವಾರಿಸಿಕೊಳ್ಳಬೇಕು. ಸಕ್ಕರೆಯನ್ನು ಬಿಟ್ಟು ಬೆಲ್ಲವನ್ನು ತಿಂದರೆ ಸಾಕೆಂಬುದು ಮೊದಲನೆಯದು. ಬೆಲ್ಲದಲ್ಲಿ ಕೆಲವು ಖನಿಜಗಳಿರುವುದು ನಿಜ. ಆದರೆ ಅದರ ಬಹುಭಾಗವು ಸಕ್ಕರೆಯೇ ಆದುದರಿಂದ ರಕ್ತಕ್ಕೆ ಅವೆರಡರ ನಡುವೆ ಹೆಚ್ಚಿನ ಭೇದ ತಿಳಿಯದು. ಅನ್ನವನ್ನು ಬಿಟ್ಟು ಅಷ್ಟೇ ಪ್ರಮಾಣದಲ್ಲಿ ಚಪಾತಿಯನ್ನೋ ಸಿರಿಧಾನ್ಯವನ್ನೋ ತಿಂದರೆ ಸಾಕೆಂಬುದು ಎರಡನೆಯದು. ಜೋಳ ರಾಗಿಗಳಲ್ಲಿ ನಾರು ಹೆಚ್ಚೆಂಬುದು ಒಪ್ಪತಕ್ಕ ಮಾತೇ. ಆದರೂ ಒಟ್ಟು ಪಿಷ್ಟವನ್ನು ತಗ್ಗಿಸದೆ ಧಾನ್ಯವನ್ನು ಮಾತ್ರ ಬದಲಿಸಿದರೆ ಅಪಾಯವು ತಗ್ಗುವುದು ಕಂಡುಬರಲಿಲ್ಲವೆಂದೂ, ಪಿಷ್ಟದ ಒಂದು ಪಾಲನ್ನು ಬೇಳೆಕಾಳು, ಹಾಲು ಮೊಸರುಗಳ ಸಸಾರಜನಕಕ್ಕೆ ಬಿಟ್ಟುಕೊಟ್ಟರೆ ಅಪಾಯವು ಕಡಿಮೆಯಾಗುವಂತೆ ತೋರುತ್ತದೆಂದೂ ಮೇಲಿನ ಸಮೀಕ್ಷೆಯೇ ಹೇಳುತ್ತದೆ. ಇನ್ನು ಸಕ್ಕರೆಯ ಲೆಕ್ಕ. ಆಹಾರಕ್ಕೆ ಬೆರೆಸುವ ಸಕ್ಕರೆ ಮೊದಲಾದವು ದಿನದ ಶಕ್ತಿಯಲ್ಲಿ ನೂರಕ್ಕೆ 10ರ ಒಳಗಿರಬೇಕು, 5ರ ಒಳಗಿದ್ದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸೂಚಿಸಿತು. ಆ 5ರ ಮಿತಿಯೆಂದರೆ ಸುಮಾರು 25 ಗ್ರಾಂ. ಎರಡೆರಡು ಚಮಚ ಸಕ್ಕರೆ ಹಾಕಿದ ಮೂರು ಬಟ್ಟಲು ಚಹಾ ಕುಡಿದರೆ ಅಷ್ಟೂ ತೀರುತ್ತದೆ. ಹೋಳಿಗೆಯ ಮಾತು ಆಮೇಲಿನದು.

ಈ ವಿಚಾರ ತೀರ ಹೊಸದೂ ಅಲ್ಲ. ಲಂಡನ್ನಿನ ವಿಲಿಯಂ ಬಾಂಟಿಂಗ್ ಎಂಬ ಗೃಹಸ್ಥನು ಸ್ಥೂಲಕಾಯದಿಂದ ಬಹಳ ನೊಂದಿದ್ದನು. ದೋಣಿ ನಡೆಸಿ ಬೆವರಿಳಿಸಿದನು. ಅದರಿಂದ ಹಸಿವೆಯೇ ಹೆಚ್ಚಿತು. ಕಿವಿ ಮಂದವಾಯಿತೆಂದು ವಿಲಿಯಂ ಹಾರ್ವೆ ಎಂಬ ವೈದ್ಯನಲ್ಲಿಗೆ ಹೋದಾಗ, ಆತನು ಬ್ರೆಡ್ಡು, ಸಕ್ಕರೆ, ಬಿಯರು, ಆಲೂಗಡ್ಡೆಗಳನ್ನು ಬಿಡಿಸಿದನು. 1862ರ ಆಗಸ್ಟಿನಲ್ಲಿ 202 ಪೌಂಡು ತೂಗುತ್ತಿದ್ದವನು ಸುಮಾರು ಒಂದು ವರ್ಷದಲ್ಲಿ 46 ಪೌಂಡು ಇಳಿದನು. ತನಗಾದ ಹಿತವು ಪರರಿಗೂ ಆಗಲೆಂದು 1863ರಲ್ಲಿ ಒಂದು ಕಿರುಹೊತ್ತಗೆಯನ್ನು ಬರೆದು ಮೊದಲು ಸ್ವಂತ ವೆಚ್ಚದಿಂದಲೇ ಹಂಚಿದನು. ಆತನ ಎಲೆಯಲ್ಲಿ ಮಾಂಸವೂ ಮದ್ಯವೂ ಇದ್ದವು. ನಮಗೆ ಅವು ಬೇಕಿಲ್ಲ. ಬಿಟ್ಟದ್ದನ್ನು ನೋಡಿದರೆ ಸಾಕು.

ಹಾಗೆಂದು ಇದೊಂದೇ ಮಾರ್ಗವೆಂದು ಹಟ ಹಿಡಿಯಲಾಗದು. ಪಿಷ್ಟವನ್ನು ತಗ್ಗಿಸಿದವರನ್ನೂ ಕೊಬ್ಬನ್ನು ತಗ್ಗಿಸಿದವರನ್ನೂ ಒಂದು ವರ್ಷದವರೆಗೆ ಹೋಲಿಸಿ ನೋಡಿದ ಅಮೆರಿಕದ ಪರೀಕ್ಷೆಯೊಂದು 2018ರಲ್ಲಿ ಪ್ರಕಟವಾಯಿತು. 609 ಜನ ಪಾಲ್ಗೊಂಡ ಅದರಲ್ಲಿ ಎರಡು ಗುಂಪುಗಳ ತೂಕವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಇಳಿದಿತ್ತು. ಇದರಿಂದ ತಿಳಿಯತಕ್ಕುದೇನು? ಯಾವ ಪಥ್ಯವೆಂಬುದಕ್ಕಿಂತ, ಹಿಡಿದ ಪಥ್ಯವನ್ನು ಬಿಡದೆ ನಡೆಸುವುದೇ ಮುಖ್ಯ. ಅನ್ನ ಸಕ್ಕರೆಗಳೇ ಪ್ರಧಾನವಾದ ನಮ್ಮ ಎಲೆಯಲ್ಲಿ ಕಡಿಮೆ ಮಾಡಲು ಮೊದಲು ಸಿಕ್ಕುವುವು ಅವೇ, ಅಷ್ಟೆ.

ಈಗ ಮೊದಲ ಪ್ರಶ್ನೆಗೆ ಬರೋಣ. ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಕಥೆಯನ್ನು ಅರಿಯದವರು ನಮ್ಮಲ್ಲಿ ಯಾರು? ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದೇ ಮಾರಯ್ಯನವರ ಕಾಯಕ. ಒಂದು ದಿನ ಅವರು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದರು. ಲಕ್ಕಮ್ಮನವರು ಹಿಗ್ಗಲಿಲ್ಲ, ಹೆಚ್ಚಾದುದನ್ನು ತಂದಲ್ಲಿಗೇ ಹಿಂದಕ್ಕೊಯ್ದು ಸುರಿದು ಬರುವಂತೆ ಹೇಳಿದರು. ಆ ಅಕ್ಕಿ ಕಳವಿನದಲ್ಲ, ಅಶುದ್ಧವಲ್ಲ, ಶರಣರ ಅಂಗಳದ್ದೇ. ಆದರೂ ಬೇಕಾದುದಕ್ಕಿಂತ ಹೆಚ್ಚಾಯಿತೆಂಬ ಒಂದೇ ಕಾರಣಕ್ಕೆ ಅದು ಸಲ್ಲದಾಯಿತು. ವಸ್ತುವಿನ ಪಾವಿತ್ರ್ಯವು ಅದರ ಅತಿಯನ್ನು ಕ್ಷಮಿಸುವುದಿಲ್ಲವೆಂಬ ಈ ಸೂಕ್ಷ್ಮವನ್ನು ನಾವು ಎಲೆಯ ಮುಂದೆಯೂ ನೆನೆಯಬೇಕು.

ಪ್ರಸಾದವು ಪ್ರಸಾದವಾಗುವುದು ಸಮರ್ಪಣೆಯಿಂದ, ಸೌಟಿನ ಅಳತೆಯಿಂದಲ್ಲ. ಒಂದು ಅಗುಳನ್ನು ಕಣ್ಣಿಗೊತ್ತಿಕೊಂಡು ಸ್ವೀಕರಿಸಿದವನು ಪ್ರಸಾದವನ್ನು ಪೂರ್ಣವಾಗಿಯೇ ಪಡೆದನು. ಹೊಟ್ಟೆ ಬಿರಿಯುವಂತೆ ಉಂಡವನಿಗೆ ಅವನಿಗಿಂತ ಒಂದು ಗುಲಗಂಜಿಯಷ್ಟೂ ಹೆಚ್ಚು ದೊರೆಯಲಿಲ್ಲ. ಎಲೆಯಲ್ಲಿ ಬಿಡುವುದು ಅಪಚಾರ; ಬಿಡಬೇಕಾಗುವಷ್ಟನ್ನು ಹಾಕಿಸಿಕೊಳ್ಳದಿರುವುದು ವಿವೇಕ. ನಾಲಗೆಯ ಆಸೆಯನ್ನು ಪ್ರಸಾದದ ಹೆಸರಿನಿಂದ ಮುಚ್ಚಿಕೊಳ್ಳುವುದಾದರೋ ಆತ್ಮವಂಚನೆ.

ಕೊನೆಯದಾಗಿ ಮೂರು ಎಚ್ಚರಿಕೆಗಳು. ಮಧುಮೇಹಕ್ಕೆ ಇನ್ಸುಲಿನ್ನನ್ನೋ ಗುಳಿಗೆಗಳನ್ನೋ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಹಠಾತ್ತಾಗಿ ಅನ್ನ ಬಿಟ್ಟರೆ ರಕ್ತದ ಸಕ್ಕರೆ ಕುಸಿದು ಪ್ರಾಣಕ್ಕೇ ಸಂಚಕಾರ ಬರಬಹುದು. ಗರ್ಭಿಣಿಯರೂ ಮೂತ್ರಪಿಂಡದ ರೋಗಿಗಳೂ ಕೇಳಿಯೇ ನಡೆಯತಕ್ಕದ್ದು. ಎರಡನೆಯದು, ಮಿತಾಹಾರವು ಅಹಂಕಾರವಾಗಬಾರದು. ಸ್ಥೂಲಕಾಯರನ್ನು ಹೀಯಾಳಿಸುವವನ ಪಥ್ಯವು ವ್ರತವಲ್ಲ. ಮೂರನೆಯದು, ಅನ್ನವನ್ನು ಕಡಿಮೆ ಮಾಡಿರೆಂಬ ಉಪದೇಶವು ಪಡಿತರದ ಅಕ್ಕಿಯೇ ಆಧಾರವಾದ ಮನೆಗೆ ಸಲ್ಲದು. ಅಲ್ಲಿಗೆ ಸಲ್ಲಬೇಕಾದುದು ಬೇಳೆ. ನಮ್ಮ ಮನೆಗಳಲ್ಲಿಯೂ ನೋಡಿರಿ: ಎಲ್ಲರಿಗೂ ಬಡಿಸಿ ಕಡೆಯಲ್ಲಿ ಕುಳಿತ ಗೃಹಿಣಿಯ ಪಾಲಿಗೆ ಪಲ್ಯವೂ ಕಾಳೂ ಮುಗಿದು ಅನ್ನ ಮಾತ್ರ ಉಳಿದಿರುತ್ತದೆ. ಅವಳಿಗೆ ಪಥ್ಯವನ್ನು ಬೋಧಿಸುವ ಮೊದಲು ಅವಳ ಪಾಲಿನ ಕಾಳನ್ನು ತೆಗೆದಿಡುವುದು ಯಜಮಾನನ ಧರ್ಮ.

ಆ ಜಾತ್ರೆಗೆ ಈಗಲೂ ಹೋಗುತ್ತೇನೆ, ಸೌಟು ಹಿಡಿಯುತ್ತೇನೆ. ಯಾರಾದರೂ ಎಲೆಗೆ ಕೈ ಅಡ್ಡ ಹಿಡಿದರೆ ಒಂದು ಮಾತನ್ನೂ ಆಡದೆ ಮುಂದಿನ ಎಲೆಗೆ ಸಾಗುತ್ತೇನೆ. ಉಣಿಸುವುದು ದಾಸೋಹವಾದರೆ, ಸಾಕೆಂದವರ ಮಾತನ್ನು ಮನ್ನಿಸುವುದೂ ದಾಸೋಹವೇ ಎಂಬುದನ್ನು ನಾನು ತಡವಾಗಿ ಕಲಿತೆ. ವಾಚಕರು ಅಷ್ಟು ತಡಮಾಡದಿರಲಿ.