ಎದುರಿಗೆ ಯಾರಿದ್ದರು?

ಬೇಬ್ ರೂತ್ 714, ಹ್ಯಾಂಕ್ ಆರನ್ 755, ಬ್ಯಾರಿ ಬಾಂಡ್ಸ್ 762. ಬೇಸ್‌ಬಾಲ್ ಪ್ರಿಯರಿಗೆ ಹೋಮ್ ರನ್‌ಗಳ ಈ ಮೂರು ಅಂಕಿ ಬಾಯಿಪಾಠ. ಹೆಚ್ಚು ಹೊಡೆದವನೇ ದೊಡ್ಡವನು ಎನ್ನುವುದಾದರೆ ಮಾತು ಅಲ್ಲಿಗೇ ಮುಗಿಯಬೇಕಿತ್ತು. ಮುಗಿದಿಲ್ಲ. ಪಟ್ಟಿಯ ತುದಿಯಲ್ಲಿರುವ ಬಾಂಡ್ಸ್‌ನನ್ನು ಎಲ್ಲರಿಗಿಂತ ಶ್ರೇಷ್ಠ ಎನ್ನಲು ಬಹಳ ಜನರಿಗೆ ಮನಸ್ಸು ಬರುವುದಿಲ್ಲ. ಮೂರನೆಯವನಾದ ರೂತ್‌ನನ್ನು ಕೆಳಗಿಳಿಸಲೂ ಮನಸ್ಸಾಗುವುದಿಲ್ಲ.

ರೂತ್ ಪರ ಇರುವ ವಾದ ಗಟ್ಟಿಯಾದದ್ದೇ. ಒಟ್ಟು ಮೊತ್ತ ಬಿಡಿ, ತನ್ನ ಕಾಲದವರಿಂದ ಎಷ್ಟು ಮುಂದಿದ್ದ ನೋಡಿ ಎನ್ನುತ್ತದೆ ಅದು. 1920ರಲ್ಲಿ ಅವನೊಬ್ಬನೇ 54 ಹೋಮ್ ರನ್ ಹೊಡೆದ. ಅಮೆರಿಕನ್ ಲೀಗಿನ ಬೇರೆ ಯಾವ ತಂಡವೂ, ಎಲ್ಲ ಆಟಗಾರರನ್ನು ಸೇರಿಸಿದರೂ, ಅಷ್ಟು ಹೊಡೆಯಲಿಲ್ಲ. ಕ್ರಿಕೆಟಿನ ಬ್ರಾಡ್‌ಮನ್‌ನ ಸರಾಸರಿ 99.94 ಕೇಳುತ್ತ ಬೆಳೆದ ನಮಗೆ ಈ ಬಗೆಯ ಅಳತೆ ಹೊಸದಲ್ಲ. ಆದರೆ ‘ತನ್ನ ಕಾಲದವರು’ ಎಂದರೆ ಯಾರು? ಅಂಗಳಕ್ಕೆ ಇಳಿಯಲು ಬಿಟ್ಟವರು ಮಾತ್ರ. ರೂತ್ ಆಡಿದಷ್ಟೂ ವರ್ಷ ಮೇಜರ್ ಲೀಗ್‌ಗಳಲ್ಲಿ ಕಪ್ಪು ಆಟಗಾರನಿಗೆ ಪ್ರವೇಶವಿರಲಿಲ್ಲ. ಕಪ್ಪು ಪಿಚರ್ ಸ್ಯಾಚೆಲ್ ಪೇಜ್ ಎಸೆದ ಚೆಂಡನ್ನು ಅವನು ಲೀಗ್ ಪಂದ್ಯದಲ್ಲಿ ಒಮ್ಮೆಯೂ ಎದುರಿಸಬೇಕಾಗಿ ಬರಲಿಲ್ಲ. ಗೆದ್ದವನ ದೊಡ್ಡಸ್ತಿಕೆ ಅವನೊಬ್ಬನ ಸ್ವತ್ತಲ್ಲ, ಅರ್ಧ ಪಾಲು ಎದುರಾಳಿಯದು ಎಂದು ನಾನು ನಂಬುತ್ತೇನೆ. ಎದುರಾಳಿಯನ್ನು ಬಾಗಿಲಾಚೆ ನಿಲ್ಲಿಸಿ ಗಳಿಸಿದ ಅಂಕಿ, ಗಳಿಸಿದವನ ತಪ್ಪಿಲ್ಲದಿದ್ದರೂ, ಅಪೂರ್ಣ.

ಬಾಗಿಲಾಚೆ ಉಳಿದವರಲ್ಲಿ ಜೋಶ್ ಗಿಬ್ಸನ್ ಒಬ್ಬ. ಕಪ್ಪು ಆಟಗಾರರ ನೀಗ್ರೊ ಲೀಗ್‌ಗಳ ಈ ಕ್ಯಾಚರ್ 1947ರ ಜನವರಿಯಲ್ಲಿ, 35ನೇ ವಯಸ್ಸಿನಲ್ಲಿ ತೀರಿಕೊಂಡ. ಅದೇ ವರ್ಷದ ಏಪ್ರಿಲ್ 15ರಂದು ಜಾಕಿ ರಾಬಿನ್ಸನ್ ಬ್ರೂಕ್ಲಿನ್ ಡಾಡ್ಜರ್ಸ್ ಪರ ಆಡಲಿಳಿದಾಗ ಮೇಜರ್ ಲೀಗ್‌ನ ಬಾಗಿಲು ಕಪ್ಪು ಆಟಗಾರರಿಗೆ ತೆರೆಯಿತು. ಮೂರೇ ತಿಂಗಳ ಅಂತರ. 2024ರಲ್ಲಿ ಮೇಜರ್ ಲೀಗ್ ಬೇಸ್‌ಬಾಲ್ ಆ ಲೀಗ್‌ಗಳ ಅಂಕಿಅಂಶಗಳನ್ನು ತನ್ನ ದಾಖಲೆಗೆ ಸೇರಿಸಿಕೊಂಡಾಗ ಗಿಬ್ಸನ್‌ನ ಬ್ಯಾಟಿಂಗ್ ಸರಾಸರಿ 0.372, ವರ್ಣಭೇದದ ಕಾಲದಲ್ಲೇ ಆಡಿದ ಟೈ ಕಾಬ್‌ನ 0.367ನ್ನು ದಾಟಿ ಮೊದಲ ಸ್ಥಾನಕ್ಕೆ ಬಂತು. ಗಿಬ್ಸನ್ ಕೂಡ ಎಲ್ಲರನ್ನೂ ಎದುರಿಸಲಿಲ್ಲವಲ್ಲ, ಅವನ ಸೀಸನ್‌ಗಳೂ ಚಿಕ್ಕವಲ್ಲವೇ ಎಂದು ಆಕ್ಷೇಪ ಬಂತು. ಆಕ್ಷೇಪ ಸರಿ, ಒಪ್ಪುತ್ತೇನೆ. ಆದರೆ ಅದು ಗಿಬ್ಸನ್‌ನನ್ನು ಹೊರಗಿಡುವ ಕಾರಣವಾಗುವುದಾದರೆ ಕಾಬ್‌ನನ್ನೂ ರೂತ್‌ನನ್ನೂ ಹೊರಗಿಡಬೇಕಾಗುತ್ತದೆ. ಎರಡೂ ಅರ್ಧ ಲೆಕ್ಕಗಳೇ.

ನನ್ನ ಮಟ್ಟಿಗೆ ಆರನ್ ದೊಡ್ಡವನು. 755 ಎಂಬುದು 714ಕ್ಕಿಂತ ಹೆಚ್ಚು ಅನ್ನುವುದಕ್ಕಲ್ಲ. ಅವನೆದುರು ಎಸೆದವರು ಡಾನ್ ಡ್ರೈಸ್‌ಡೇಲ್, ಸ್ಯಾಂಡಿ ಕೋಫ್ಯಾಕ್ಸ್, ಕಪ್ಪು ವರ್ಣೀಯ ಬಾಬ್ ಗಿಬ್ಸನ್, ಡೊಮಿನಿಕನ್ ಗಣರಾಜ್ಯದಿಂದ ಬಂದ ಹ್ವಾನ್ ಮರಿಶಾಲ್. ಬಾಗಿಲು ತೆರೆದ ಮೇಲಿನ ಆಟ ಅದು. ಯಾವ ಸೀಸನ್ನಿನಲ್ಲೂ 47 ದಾಟದೆ, ವರ್ಷ ವರ್ಷವೂ ಕೂಡಿಸುತ್ತಾ ಹೋದವನು ಆರನ್. ರೂತ್‌ನ ದಾಖಲೆ ಹತ್ತಿರವಾದಂತೆ ಮನೆಗೆ ಬರುತ್ತಿದ್ದ ಕೊಲೆ ಬೆದರಿಕೆಯ ಪತ್ರಗಳ ನಡುವೆಯೇ 1974ರ ಏಪ್ರಿಲ್ 8ರಂದು ಅದನ್ನು ಮುರಿದ.

ಸೈಕ್ಲಿಂಗ್‌ನಲ್ಲಿ ಅಂಕಿಗಳಿಗೆ ಇಷ್ಟು ಮರ್ಯಾದೆಯಿಲ್ಲ. ಟೂರ್ ಡಿ ಫ್ರಾನ್ಸ್‌ನ ದಾರಿ ಪ್ರತಿ ವರ್ಷ ಬದಲಾಗುತ್ತದೆ, ಗಾಳಿ ಮಳೆ ಬೇರೆ. ಹಾಗಾಗಿ ಎದುರಿಗಿದ್ದವರು ಯಾರು ಎಂಬುದು ಅಲ್ಲಿ ಕಣ್ಣಿಗೆ ಹೊಡೆದಂತೆ ಕಾಣುತ್ತದೆ. 1971ರ ಟೂರ್‌ನಲ್ಲಿ ಸ್ಪೇನಿನ ಲೂಯಿಸ್ ಒಕಾನ್ಯ ಒರ್ಸಿಯೇರ್-ಮೆರ್ಲೆತ್‌ನ ಏರಿನಲ್ಲಿ ಬೆಲ್ಜಿಯಂನ ಎಡ್ಡಿ ಮರ್ಕ್ಸ್‌ನನ್ನು ಎಂಟು ನಿಮಿಷಕ್ಕೂ ಹೆಚ್ಚು ಹಿಂದೆ ಹಾಕಿದ. ಕೆಲವೇ ದಿನಗಳ ಮೇಲೆ ಪಿರಿನೀಸ್‌ನ ಕೊಲ್ ದ ಮಾಂತೆ ಇಳಿಯುವಾಗ ಬಿರುಮಳೆ. ತಿರುವಿನಲ್ಲಿ ಮರ್ಕ್ಸ್ ಜಾರಿದ, ಹಿಂದಿದ್ದ ಒಕಾನ್ಯನೂ ಬಿದ್ದ. ಮರ್ಕ್ಸ್ ಎದ್ದು ಹೊರಟ. ಒಕಾನ್ಯ ಏಳುವಷ್ಟರಲ್ಲಿ ಹಿಂದಿನಿಂದ ಬಂದ ಸವಾರ ಅವನಿಗೆ ಡಿಕ್ಕಿ ಹೊಡೆದ. ಮುನ್ನಡೆಯಲ್ಲಿದ್ದವನು ತೊಡುವ ಹಳದಿ ಜೆರ್ಸಿಯಲ್ಲೇ ಅವನನ್ನು ಆಸ್ಪತ್ರೆಗೆ ಸಾಗಿಸಿದರು. ಮುನ್ನಡೆ ಮರ್ಕ್ಸ್‌ಗೆ ಬಂತು. ಮರುದಿನ ಅವನು ಹಳದಿ ಜೆರ್ಸಿ ತೊಡಲು ಒಪ್ಪಲಿಲ್ಲ. ಐದು ಟೂರ್ ಗೆದ್ದ ಮರ್ಕ್ಸ್ ಮೇಲೆ ನನಗಿರುವ ಗೌರವದ ದೊಡ್ಡ ಪಾಲು ಅವನು ಆ ಜೆರ್ಸಿಯನ್ನು ಬೇಡವೆಂದ ದಿನದ್ದು. (ಅವನೇನೂ ಕಳಂಕವಿಲ್ಲದವನಲ್ಲ. ಇಟಲಿಯ ಓಟವಾದ 1969ರ ಜಿರೊ ದಿಟಾಲಿಯಾದಿಂದ ಉದ್ದೀಪನ ಮದ್ದಿನ ಪರೀಕ್ಷೆಯ ಕಾರಣಕ್ಕೆ ಅವನನ್ನು ಹೊರಹಾಕಿದ್ದರು. ತಾನು ನಿರಪರಾಧಿ ಎಂದೇ ಅವನು ವಾದಿಸಿದ.)

ಇದಕ್ಕೆ ತದ್ವಿರುದ್ಧ 1999ರ ಟೂರ್. ಫ್ರಾನ್ಸಿನ ಕ್ರಿಸ್ತೋಫ್ ಬಾಸೋನ್ಸ್ ಮದ್ದು ಮುಟ್ಟದ ಸವಾರ, ಮದ್ದಿನ ಬಗ್ಗೆ ಪತ್ರಿಕೆಯಲ್ಲಿ ಬಹಿರಂಗವಾಗಿ ಬರೆಯುತ್ತಿದ್ದವನು. ಆಲ್ಪ್ ದುಯೇಜ್‌ಗೆ ಹೋಗುವ ದಿನ, ಓಟದ ನಡುವೆಯೇ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಅವನ ಬಳಿ ಬಂದು, ಹೀಗೇ ಮಾತಾಡುವುದಾದರೆ ಮನೆಗೆ ಹೋಗು ಎಂದ. ಸಹ ಸವಾರರು ಯಾರೂ ಜೊತೆ ಕೊಡಲಿಲ್ಲ. ಬಾಸೋನ್ಸ್ ಕೆಲವೇ ದಿನಗಳಲ್ಲಿ ಟೂರ್ ಬಿಟ್ಟ. ಮದ್ದು ದೇಹಕ್ಕೆ ಕೊಡುವ ಬಲಕ್ಕಿಂತ ನನ್ನನ್ನು ಕೆರಳಿಸುವುದು ಇದು. ವರ್ಣಭೇದವು ಅಲಿಖಿತ ನಿಯಮದಿಂದ ಮಾಡಿದ್ದನ್ನು ಮದ್ದು ಬಾಯಿಮಾತಿನಿಂದ, ಒಂಟಿಯಾಗಿಸುವುದರಿಂದ ಮಾಡುತ್ತದೆ: ಎದುರಿಗೆ ನಿಲ್ಲಬೇಕಾದವನನ್ನು ತೊಲಗಿಸುತ್ತದೆ.

ಆದ್ದರಿಂದ 2012ರಲ್ಲಿ ಮದ್ದಿನ ಕಾರಣಕ್ಕೆ ಆರ್ಮ್‌ಸ್ಟ್ರಾಂಗ್‌ನ ಏಳು ಟೂರ್ ಪಟ್ಟಗಳನ್ನು ಕಿತ್ತುಕೊಂಡು, ಎರಡನೆಯವರಿಗೂ ಕೊಡದೆ ಖಾಲಿ ಬಿಟ್ಟದ್ದು ಸರಿಯೆಂದೇ ನನ್ನ ವಾದ. ಗೆಲ್ಲಬಹುದಾಗಿದ್ದ ಒಬ್ಬ ಮೊದಲೇ ಮನೆಗೆ ಹೋಗಿದ್ದಿರಬಹುದು. ಎರಡನೆಯವನಿಗೆ ಕೊಟ್ಟರೆ ಅದೇ ಸುಳ್ಳು ಮುಂದುವರಿದಂತೆ. ಬೇಸ್‌ಬಾಲ್ ಬೇರೆ ದಾರಿ ಹಿಡಿಯಿತು. ಬಾಂಡ್ಸ್‌ನ 762 ಹಾಗೆಯೇ ಉಳಿದಿದೆ, ಆದರೆ ಮದ್ದಿನ ಆರೋಪದ ನೆರಳಿನಲ್ಲಿ ಹಾಲ್ ಆಫ್ ಫೇಮ್‌ಗೆ ಬೇಕಾದ ಶೇ 75 ಮತ ಬೇಸ್‌ಬಾಲ್ ಬರಹಗಾರರಿಂದ ಹತ್ತು ವರ್ಷ ಕಾದರೂ ಸಿಗಲಿಲ್ಲ. ಅಂಕಿಯನ್ನು ಒಪ್ಪಿ ಮನುಷ್ಯನನ್ನು ತಳ್ಳುವ ಈ ನಡುದಾರಿ ನನಗೆ ಹಿಡಿಸದು.

ಇನ್ನು ಇಂದಿನ ಸೈಕ್ಲಿಂಗ್‌ನ ತಡೇಯ್ ಪೊಗಾಚಾರ್. 2024ರಲ್ಲಿ ಜಿರೊ, ಟೂರ್, ವಿಶ್ವ ಚಾಂಪಿಯನ್‌ಷಿಪ್ ಮೂರನ್ನೂ ಗೆದ್ದು 1974ರ ಮರ್ಕ್ಸ್‌ನ ಸಾಲಿಗೆ ಸೇರಿದ. ಜೂರಿಕ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಂತೂ ಗುರಿ ಇನ್ನೂ ಸುಮಾರು 100 ಕಿ.ಮೀ. ದೂರವಿರುವಾಗಲೇ ಮುನ್ನುಗ್ಗಿದ. ಮರ್ಕ್ಸ್ ಕಾಲದಲ್ಲಿ ಸೋವಿಯತ್ ಮತ್ತು ಪೂರ್ವ ಯುರೋಪಿನ ಸಮಾಜವಾದಿ ದೇಶಗಳ ಸವಾರರು ಹವ್ಯಾಸಿಗಳಾಗಿ ಪೀಸ್ ರೇಸ್‌ನಂಥ ಓಟಗಳಲ್ಲೇ ಉಳಿಯುತ್ತಿದ್ದರು, ಟೂರ್‌ಗೆ ಬರುವಂತಿರಲಿಲ್ಲ. ಈಗ ಆ ಬಾಗಿಲು ತೆರೆದಿದೆ. ಪೊಗಾಚಾರ್ ಸ್ವತಃ ಸ್ಲೊವೇನಿಯಾದವನು. 2024ರ ಟೂರ್‌ನಲ್ಲಿ ಅಂಕಗಳ ಸ್ಪರ್ಧೆಯ ಹಸಿರು ಜೆರ್ಸಿ ಗೆದ್ದದ್ದು ಎರಿಟ್ರಿಯಾದ ಬಿನಿಯಮ್ ಗಿರ್ಮೈ. ಡೆನ್ಮಾರ್ಕಿನ ಯೋನಸ್ ವಿಂಗೆಗೋರ್ 2022 ಮತ್ತು 2023ರಲ್ಲಿ ಪೊಗಾಚಾರ್‌ನನ್ನೇ ಸೋಲಿಸಿ ಟೂರ್ ಗೆದ್ದಿದ್ದ. ಒಟ್ಟು ಗೆಲುವುಗಳಲ್ಲಿ ಮರ್ಕ್ಸ್ ಇನ್ನೂ ಬಹಳ ಮುಂದಿದ್ದಾನೆ, ಪೊಗಾಚಾರ್ ಅಲ್ಲಿಗೆ ತಲುಪದೆಯೂ ಇರಬಹುದು. ಆದರೂ ಒಂದು ವರ್ಷಕ್ಕೆ ಒಂದು ವರ್ಷವನ್ನು ಎದುರಿಟ್ಟು ತೂಗಿದರೆ, 1974ಕ್ಕಿಂತ 2024 ಹೆಚ್ಚು ತೂಗುತ್ತದೆ.